ವರ್ಷಗಟ್ಟಲೆ ನಿಂತ ಕಾರನ್ನು ಗೇರ್‌ನಲ್ಲೇ ಸ್ಟಾರ್ಟ್ ಮಾಡಿದರೆ ಜಾಮ್ ಆದ ಕ್ಲಚ್ ಬಿಡುತ್ತದೆಯೇ?

ಹೇಳಿಕೆ: ಶೆಡ್‌ನಲ್ಲಿ ವರ್ಷಗಟ್ಟಲೆ ನಿಂತ ಅಂಬಾಸಡರ್, ಪದ್ಮಿನಿಯಂಥ ಕಾರಿನ ಕ್ಲಚ್ ಜಾಮ್ ಆಗಿದ್ದರೆ, ಬ್ರೇಕ್ ಒತ್ತಿಕೊಂಡು ಗೇರ್‌ನಲ್ಲೇ ಸ್ಟಾರ್ಟ್ ಮಾಡಿ, ತಾನೇ ಬಿಡುತ್ತದೆ ಎಂದು ಹಲವರು ಸಲಹೆ ಕೊಡುತ್ತಾರೆ.

ನಿಜವೇನು? ಇದು ಅರ್ಧ ಸತ್ಯ. ಕೆಲವೊಮ್ಮೆ ಕ್ಲಚ್ ಬಿಡುವುದುಂಟು. ಆದರೆ ಕ್ಲಚ್ ಬಿಡದೆ ಎಂಜಿನ್ ಸ್ಟಾರ್ಟ್ ಆದರೆ ಕಾರು ಮುಂದಕ್ಕೆ ನುಗ್ಗುತ್ತದೆ. ಅಷ್ಟೇ ಕಾಲ ನಿಂತಿದ್ದ ಬ್ರೇಕ್ ಆ ಹೊತ್ತಿಗೆ ಹಿಡಿಯುತ್ತದೆ ಎಂಬ ಭರವಸೆ ಇಲ್ಲ.

ಕ್ಲಚ್ ಏಕೆ ಹಿಡಿದುಕೊಳ್ಳುತ್ತದೆ?
ಪೆಡಲ್ ಒತ್ತದಿದ್ದಾಗ ಕ್ಲಚ್ ಪ್ಲೇಟ್, ಫ್ಲೈವೀಲ್ ಮತ್ತು ಪ್ರೆಷರ್ ಪ್ಲೇಟ್‌ಗಳ ನಡುವೆ ಸ್ಪ್ರಿಂಗ್ ಬಲದಿಂದ ಬಿಗಿಯಾಗಿ ಒತ್ತಿಕೊಂಡಿರುತ್ತದೆ. ಮಳೆಗಾಲದ ತೇವಕ್ಕೆ ಕಬ್ಬಿಣದ ಮೈ ತುಕ್ಕು ಹಿಡಿದು, ಪ್ಲೇಟಿನ ಲೈನಿಂಗ್ ಅದಕ್ಕೆ ಅಂಟಿಕೊಳ್ಳುತ್ತದೆ. ಪೆಡಲ್ ಎಂದಿನಂತೆ ಕೆಳಗಿಳಿದರೂ ಪ್ಲೇಟ್ ಬಿಡುವುದಿಲ್ಲ.

ಹೀಗೆ ಪರೀಕ್ಷಿಸಿ
1. ಎಂಜಿನ್ ಆಫ್ ಇರಲಿ, ನೆಲ ಸಮತಟ್ಟಾಗಿರಲಿ, ಕಾರಿನ ಮುಂದೆ ಯಾರೂ ನಿಲ್ಲಬಾರದು. ಹ್ಯಾಂಡ್‌ಬ್ರೇಕ್ ಬಿಟ್ಟು, ನ್ಯೂಟ್ರಲ್‌ನಲ್ಲಿ ಹಿಂದಿನಿಂದ ತಳ್ಳಿ. ಕದಲದಿದ್ದರೆ ಬ್ರೇಕ್ ಹಿಡಿದುಕೊಂಡಿರಬಹುದು. ಮೊದಲು ಅದನ್ನು ನೋಡಿಸಿ.
2. ನ್ಯೂಟ್ರಲ್‌ನಲ್ಲಿ ಉರುಳಿದರೆ ಫಸ್ಟ್ ಗೇರ್ ಹಾಕಿ, ಒಬ್ಬರು ಕ್ಲಚ್ ಪೂರ್ತಿ ಒತ್ತಿ ಹಿಡಿಯಲಿ, ಇನ್ನೊಬ್ಬರು ತಳ್ಳಲಿ. ಉರುಳಿದರೆ ಕ್ಲಚ್ ಬಿಡುತ್ತಿದೆ ಎಂದರ್ಥ.
3. ಉರುಳದಿದ್ದರೆ ಚಕ್ರಗಳಿಗೆ ಕಲ್ಲು ಕೊಟ್ಟು, ಒಬ್ಬರು ಪೆಡಲ್ ಒತ್ತುವಾಗ ಗೇರ್‌ಬಾಕ್ಸ್ ಬದಿಯ ಕ್ಲಚ್ ಫೋರ್ಕ್ ಗಮನಿಸಿ. ಅದು ಚೆನ್ನಾಗಿ ಸರಿದರೂ ಕ್ಲಚ್ ಬಿಡದಿದ್ದರೆ ಪ್ಲೇಟ್ ಅಂಟಿರುವ ಸಾಧ್ಯತೆ ಹೆಚ್ಚು. ಸರಿಯದಿದ್ದರೆ ತೊಂದರೆ ಕೇಬಲ್, ರಾಡ್ ಅಥವಾ ಹೈಡ್ರಾಲಿಕ್ ಸಿಲಿಂಡರ್‌ನಲ್ಲಿದೆ. ಇಂಥ ಕಾರನ್ನು ಗೇರ್‌ನಲ್ಲಿ ಎಷ್ಟು ಸಲ ಸ್ಟಾರ್ಟ್ ಮಾಡಿದರೂ ಪ್ರಯೋಜನವಿಲ್ಲ.

ಮುಂದೇನು?
ಪ್ಲೇಟ್ ಅಂಟಿದ್ದರೆ ಪೆಡಲ್ ಮತ್ತು ಸೀಟಿನ ನಡುವೆ ಮರದ ತುಂಡು ಕೊಟ್ಟು, ಪೆಡಲ್ ಒತ್ತಿದಂತೆಯೇ ಒಂದೆರಡು ದಿನ ಬಿಡಿ. ಲಘುವಾಗಿ ಅಂಟಿದ್ದರೆ ಇಷ್ಟಕ್ಕೇ ಬಿಡಬಹುದು. ಬಿಡದಿದ್ದರೆ ಗೇರ್‌ಬಾಕ್ಸ್ ಇಳಿಸಿಯೇ ನೋಡಬೇಕು; ಅದು ಮೆಕ್ಯಾನಿಕ್ ಕೆಲಸ.

ಎರಡು ಎಚ್ಚರಿಕೆ: ಬ್ರೇಕ್ ಫ್ಲೂಯಿಡ್ ಬಳಸುವ ಕ್ಲಚ್‌ಗೆ ಎಂಜಿನ್ ಆಯಿಲ್ ಹಾಕಬೇಡಿ, ರಬ್ಬರ್ ಸೀಲ್ ಊದಿ ಹಾಳಾಗುತ್ತದೆ. ಹಳೆಯ ಲೈನಿಂಗ್‌ನಲ್ಲಿ ಕ್ಯಾನ್ಸರ್‌ಕಾರಕ ಆಸ್ಬೆಸ್ಟಾಸ್ ಇರಬಹುದು, ಆ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ.

ಕೊನೆಯ ಮಾತು: ಗೇರ್‌ನಲ್ಲೇ ಸ್ಟಾರ್ಟ್ ಮಾಡಿ ಎಂಬ ಸಲಹೆ ನಿಮ್ಮ ಗ್ರೂಪಿಗೆ ಬಂದರೆ, ಮೊದಲು ತಳ್ಳಿ ನೋಡಿ ಎಂದು ನಾವು ಹೇಳುತ್ತೇವೆ. ಅದಕ್ಕೆ ಬೇಕಿರುವುದು ಇಬ್ಬರು ಜನ, ಹತ್ತು ನಿಮಿಷ.