ಹಳೇ ಪೆಟ್ರೋಲ್ ಜೀಪಿಗೆ ಯಾವ ಚೋಕ್ ಒಳ್ಳೇದು?

ಮೂಡಿಗೆರೆ ಕಡೆಯ ನಮ್ಮ ತೋಟದಲ್ಲಿ ಗೊಬ್ಬರ, ಕಾಫಿ ಮೂಟೆ ಹೊರೋದು ಒಂದು ಹಳೇ ಪೆಟ್ರೋಲ್ ಜೀಪು. ಹೋದ ಕೊಯ್ಲಿನಲ್ಲಿ ನನ್ನ ತಮ್ಮ ಚಳಿಗೆ ಚೋಕ್ ಎಳೆದು ಸ್ಟಾರ್ಟ್ ಮಾಡ್ತಿದ್ದ, ಮತ್ತೆ ಒಳಗೆ ತಳ್ಳೋದು ಮರೀತಿದ್ದ. ವಾರ ಕಳೆದ ಮೇಲೆ ಡಿಪ್‌ಸ್ಟಿಕ್ ತೆಗೆದು ಮೂಸಿದೆ. ಆಯಿಲ್ಲೆಲ್ಲ ಪೆಟ್ರೋಲ್ ವಾಸನೆ! ಆಗಲೇ ಕರೆಂಟ್ ಚೋಕ್ ಹಾಕಿಸೋಣ ಅಂತ ಯೋಚನೆ ಬಂತು.

ಚೋಕ್ ಮಾಡೋದೇನು?
ತಣ್ಣಗಿರುವ ಇಂಜಿನ್ನಿನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗಲ್ಲ. ಕಾರ್ಬುರೇಟರಿನ ಬಾಯಲ್ಲಿರುವ ಚೋಕ್ ತಗಡು ಗಾಳಿ ತಡೆದು ಪೆಟ್ರೋಲ್ ಪಾಲು ಹೆಚ್ಚಿಸುತ್ತದೆ. ಇಂಜಿನ್ ಬಿಸಿಯಾದ ಮೇಲೂ ಅದು ಮುಚ್ಚಿದ್ದರೆ ಕಪ್ಪು ಹೊಗೆ ಬರುತ್ತೆ, ಪ್ಲಗ್ ಮಸಿ ಹಿಡಿಯುತ್ತೆ. ಸಿಲಿಂಡರ್ ಗೋಡೆಯ ಆಯಿಲ್ ತೊಳೆದು ಪಿಸ್ಟನ್ ರಿಂಗ್ ಸವೆಯುತ್ತೆ.

ಕೈ ಚೋಕ್: ಕೇಬಲ್ ಎಳೆದರೆ ಮುಚ್ಚುತ್ತೆ, ತಳ್ಳಿದರೆ ತೆರೆಯುತ್ತೆ. ಅಗ್ಗ, ರಿಪೇರಿ ಸುಲಭ, ಎಷ್ಟು ಬೇಕೋ ಅಷ್ಟೇ ಎಳೆಯಬಹುದು. ಮರೆವೇ ಇದರ ಶತ್ರು.

ಕರೆಂಟ್ ಚೋಕ್: ಒಳಗೆ ಎರಡು ಲೋಹದ ಸುರುಳಿ ಸ್ಪ್ರಿಂಗ್ ಇರುತ್ತೆ. ಕರೆಂಟಿಗೆ ಬಿಸಿಯಾಗಿ, ಕೆಲವು ನಿಮಿಷದಲ್ಲಿ ತಗಡನ್ನು ತಾನೇ ತೆರೆಯುತ್ತೆ. ಆದರೆ ಅದಕ್ಕೆ ಇಂಜಿನ್ ಬಿಸಿ ಗೊತ್ತಾಗಲ್ಲ. ಕೀ ಆನ್ ಮಾಡಿ ಸ್ಟಾರ್ಟ್ ಮಾಡದೆ ಕೂತರೆ, ಇಂಜಿನ್ ತಣ್ಣಗಿದ್ದರೂ ಚೋಕ್ ತೆರೆದುಬಿಡುತ್ತೆ. ಆಮೇಲೆ ಸ್ಟಾರ್ಟ್ ಆಗೋದು ಕಷ್ಟ.

ಹಾಕಿಸೋ ಮೊದಲು ನೋಡಿ
- ನಿಮ್ಮ ಕಾರ್ಬುರೇಟರಿಗೆ ಹೊಂದುವ ಕಿಟ್ ಇದೆಯಾ?
- ಬ್ಯಾಟರಿ 12 ವೋಲ್ಟಿನದಾ?
- ಕೀ ಆನ್ ಆದಾಗ ಮಾತ್ರ ಕರೆಂಟ್ ಬರೋ ವೈರಿನಿಂದ, ಫ್ಯೂಸ್ ಹಾಕಿಯೇ ಲೈನ್ ಕೊಡಿ. ಇಗ್ನಿಷನ್ ಕಾಯಿಲ್ಲಿಂದ ಕದಿಯಬೇಡಿ, ಕಿಡಿ ಬಲ ಕುಗ್ಗುತ್ತೆ.
- ಅರ್ತ್ ಗಟ್ಟಿಯಾಗಿರಲಿ. ಕರೆಂಟ್ ಸಿಗದಿದ್ದರೆ ಚೋಕ್ ಮುಚ್ಚಿಯೇ ಉಳಿದು, ಮರೆತದ್ದೇ ಕಥೆ ಮತ್ತೆ ಶುರು.

ನಾನು ಕೊನೆಗೆ ಕೈ ಚೋಕನ್ನೇ ಉಳಿಸಿಕೊಂಡೆ. ನಮ್ಮ ಜೀಪಿನ ವೈರಿಂಗನ್ನು ಇಲಿ ಕಡಿದು ಹಾಳು ಮಾಡಿತ್ತು. ಅದರ ಮೇಲೆ ಕರೆಂಟ್ ಚೋಕ್ ನಂಬೋ ಧೈರ್ಯ ಬರಲಿಲ್ಲ. ಆಯಿಲ್ ಬದಲಿಸಿ, ಕೇಬಲ್ಲಿಗೆ ಕೆಂಪು ಟೇಪ್ ಸುತ್ತಿದೆ: ಕೆಂಪು ಕಂಡರೆ ಒಳಗೆ ತಳ್ಳು. ತಮ್ಮ ಈಗ ಮರೆಯಲ್ಲ.

ವೈರಿಂಗ್ ಚೆನ್ನಾಗಿದ್ದು, ಗಾಡಿ ನಾಲ್ಕು ಜನರ ಕೈಲಿ ಓಡುತ್ತೆ ಅಂದರೆ ಕರೆಂಟ್ ಚೋಕ್ ಹಾಕಿಸಿ. ಒಬ್ಬರೇ ಓಡಿಸೋದಾದರೆ ಕೈ ಚೋಕೇ ಸಾಕು. ಯಾವುದೇ ಇರಲಿ, ಈ ವಾರ ಒಮ್ಮೆ ಡಿಪ್‌ಸ್ಟಿಕ್ ಮೂಸಿ ನೋಡಿ.