ಪಾರಂಪರಿಕ ನಡಿಗೆ ಮತ್ತು ಉಪನ್ಯಾಸ: ಮೈಸೂರು ಹಾಗೂ ಚಾಮರಾಜನಗರದ ಹಳೆಯ ಕಟ್ಟಡಗಳನ್ನು ನೋಡುವ ಬಗೆ

ಮೈಸೂರು ನಗರದಲ್ಲಿ ದಸರಾ ಮಹೋತ್ಸವದ ಅವಧಿಯಲ್ಲಿಯೂ, ಏಪ್ರಿಲ್ 18ರ ವಿಶ್ವ ಪರಂಪರೆ ದಿನದ ಸಂದರ್ಭದಲ್ಲಿಯೂ ಪಾರಂಪರಿಕ ನಡಿಗೆ ಹಾಗೂ ಉಪನ್ಯಾಸಗಳು ನಡೆದುಬಂದಿವೆ. ಇವುಗಳಲ್ಲಿ ಭಾಗವಹಿಸಲು ಇಚ್ಛಿಸುವ ಸಾರ್ವಜನಿಕರಿಗೆ, ಅದರಲ್ಲಿಯೂ ಬದನಗುಪ್ಪೆ, ಚಾಮರಾಜನಗರ ಮತ್ತು ಗುಂಡ್ಲುಪೇಟೆ ಭಾಗದ ನಾಗರಿಕರಿಗೆ, ನಡಿಗೆ ಎಂದರೇನು, ಅದರಲ್ಲಿ ಏನನ್ನು ನೋಡಬೇಕು, ಅರ್ಜಿ ಸಲ್ಲಿಸುವಾಗ ಯಾವ ವಿವರಗಳನ್ನು ನೀಡಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಪಾರಂಪರಿಕ ನಡಿಗೆಯು ಪ್ರವಾಸವಲ್ಲ. ಪ್ರವಾಸದಲ್ಲಿ ಒಂದೇ ದಿನ ಹತ್ತು ಸ್ಥಳಗಳನ್ನು ನೋಡಿ ಹಿಂತಿರುಗಲಾಗುತ್ತದೆ. ನಡಿಗೆಯಲ್ಲಿ ಒಂದೆರಡು ಕಿಲೋಮೀಟರು ದಾರಿಯನ್ನು ಬೆಳಗಿನ ಹೊತ್ತು ನಿಧಾನವಾಗಿ ಕ್ರಮಿಸಿ, ಪ್ರತಿಯೊಂದು ಕಟ್ಟಡದ ಮುಂದೆ ನಿಂತು, ಅದನ್ನು ಯಾರು ಯಾವ ಕಾರಣಕ್ಕೆ ಯಾವ ಸಾಮಗ್ರಿಯಿಂದ ಕಟ್ಟಿದರು ಎಂಬುದನ್ನು ತಜ್ಞರಿಂದ ಕೇಳಿ ತಿಳಿಯಲಾಗುತ್ತದೆ. ಉಪನ್ಯಾಸವು ಇದಕ್ಕೆ ಪೂರಕ. ಸಾಧ್ಯವಿದ್ದಲ್ಲಿ ಉಪನ್ಯಾಸವನ್ನು ಮೊದಲು ಕೇಳಿ ನಂತರ ನಡಿಗೆಗೆ ಬರುವುದು ಹೆಚ್ಚು ಪ್ರಯೋಜನಕಾರಿ.

ಮೈಸೂರಿನ ನಡಿಗೆಯನ್ನು ರಂಗಾಚಾರ್ಲು ಸ್ಮಾರಕ ಪುರಭವನದಿಂದ ಆರಂಭಿಸುವುದು ಅನುಕೂಲಕರ. 1881ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಯು ಆರಂಭವಾದಾಗ ದಿವಾನರಾಗಿದ್ದ ಸಿ. ರಂಗಾಚಾರ್ಲು ಅವರ ನೆನಪಿಗೆ ನಿರ್ಮಿಸಿದ ಭವನವಿದು. ಅದರ ಸಮೀಪದಲ್ಲಿಯೇ ಇರುವ ದೊಡ್ಡ ಗಡಿಯಾರವನ್ನು ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ರಜತ ಮಹೋತ್ಸವದ ಸ್ಮರಣಾರ್ಥ 1927ರಲ್ಲಿ ಕಟ್ಟಲಾಯಿತು. ಇದಕ್ಕೆ ಅರಮನೆಯ ನೌಕರರು ವಂತಿಗೆ ನೀಡಿದ್ದರು. ಗಡಿಯಾರದ ಮುಖದ ಮೇಲಿರುವುದು ಕನ್ನಡ ಅಂಕಿಗಳು. ದಿನವೂ ಅದರ ಕೆಳಗೆ ಓಡಾಡುವವರಲ್ಲಿ ಎಷ್ಟೋ ಮಂದಿ ಇದನ್ನು ಗಮನಿಸಿರುವುದಿಲ್ಲ.

ಅರಮನೆಯ ಬಗ್ಗೆ ಬಹಳಷ್ಟು ಬರೆಯಲಾಗಿರುವುದರಿಂದ ಇಲ್ಲಿ ಒಂದು ಅಂಶವನ್ನು ಮಾತ್ರ ಹೇಳಬಹುದು. 1897ರಲ್ಲಿ ಹಳೆಯ ಮರದ ಅರಮನೆಯು ಬೆಂಕಿಗೆ ಆಹುತಿಯಾಯಿತು. ಅದೇ ವರ್ಷ ಆರಂಭವಾಗಿ 1912ರಲ್ಲಿ ಮುಗಿದ, ಹೆನ್ರಿ ಇರ್ವಿನ್ ವಿನ್ಯಾಸದ ಹೊಸ ಅರಮನೆಯಲ್ಲಿ ಕಲ್ಲು, ಇಟ್ಟಿಗೆ ಮತ್ತು ಕಬ್ಬಿಣಕ್ಕೆ ಪ್ರಾಧಾನ್ಯ ದೊರೆಯಿತು. ಕಲ್ಯಾಣ ಮಂಟಪದ ಎರಕದ ಕಬ್ಬಿಣದ ಕಂಬಗಳು ಗ್ಲಾಸ್ಗೋದಿಂದ ಬಂದವು. ವೆಚ್ಚ ರೂ. 41,47,913 ಎಂದು ದಾಖಲಾಗಿದೆ. ಕೊನೆಯ ಮೂರು ರೂಪಾಯಿಯನ್ನೂ ಬಿಡದೆ ಬರೆದಿಟ್ಟ ಲೆಕ್ಕದವರನ್ನು ಮೆಚ್ಚಲೇಬೇಕು.

ಅರಮನೆಯಿಂದ ಹೊರಬಂದು ಕೃಷ್ಣರಾಜ ವೃತ್ತವನ್ನು ದಾಟಿದ ಮೇಲೆಯೇ ನಡಿಗೆಯ ಮುಖ್ಯ ಭಾಗ ಆರಂಭವಾಗುತ್ತದೆ ಎನ್ನಬಹುದು. ಒಂದು ಕಡೆ ಸಯ್ಯಾಜಿರಾವ್ ರಸ್ತೆಗೆ ಹೊಂದಿಕೊಂಡಂತೆ ದೇವರಾಜ ಮಾರುಕಟ್ಟೆ, ಮತ್ತೊಂದು ಕಡೆ ಚಿಕ್ಕ ಗಡಿಯಾರ ಹಾಗೂ ಲ್ಯಾನ್ಸ್‌ಡೌನ್ ಕಟ್ಟಡ. ಈ ಎರಡೂ ಕಟ್ಟಡಗಳು 19ನೇ ಶತಮಾನದ ಕೊನೆಯ ಭಾಗಕ್ಕೆ ಸೇರಿದವು. ಎರಡೂ ದುಡಿಯುವ ಕಟ್ಟಡಗಳಾಗಿ ಹುಟ್ಟಿದಂಥವು. ಮಾರುಕಟ್ಟೆಯಲ್ಲಿ ಹೂವು, ವೀಳ್ಯದೆಲೆ, ಬಾಳೆಹಣ್ಣು, ಕುಂಕುಮದ ವ್ಯಾಪಾರ. ಲ್ಯಾನ್ಸ್‌ಡೌನ್ ಕಟ್ಟಡದಲ್ಲಿ ಹಿಂದೆ ಹಳೆಯ ಪುಸ್ತಕದ ಅಂಗಡಿಗಳಿದ್ದವು. ಅಲ್ಲಿ ಅರ್ಧ ಬೆಲೆಗೆ ಪಠ್ಯಪುಸ್ತಕ ಕೊಂಡು ಓದಿದ ಚಾಮರಾಜನಗರ ಭಾಗದ ವಿದ್ಯಾರ್ಥಿಗಳು ಕಡಿಮೆಯೇನಲ್ಲ.

2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. 2016ರ ಆಗಸ್ಟ್‌ನಲ್ಲಿ, ದುರಸ್ತಿ ಕಾಮಗಾರಿ ನಡೆಯುತ್ತಿದ್ದಾಗಲೇ, ದೇವರಾಜ ಮಾರುಕಟ್ಟೆಯ ಧನ್ವಂತರಿ ರಸ್ತೆಯ ಕಡೆಯ ಭಾಗ ಕುಸಿಯಿತು. ಅಂದಿನಿಂದ ಎರಡು ಅಭಿಪ್ರಾಯಗಳಿವೆ. ಕಟ್ಟಡಗಳು ಶಿಥಿಲವಾಗಿರುವುದರಿಂದ ಕೆಡವಿ ಅದೇ ಮಾದರಿಯಲ್ಲಿ ಪುನಃ ಕಟ್ಟಬೇಕೆಂಬುದು ಒಂದು. ದುರಸ್ತಿ ಮಾಡಿ ಉಳಿಸಲು ಸಾಧ್ಯವಿದೆಯೆಂಬುದು ಮತ್ತೊಂದು. ವಿಷಯವು ಉಚ್ಚ ನ್ಯಾಯಾಲಯದವರೆಗೂ ಹೋಗಿದೆ. ಅಂಗಡಿಯವರ ಜೀವನೋಪಾಯ, ಗ್ರಾಹಕರ ಪ್ರಾಣ ಮತ್ತು ನಗರದ ಸ್ವರೂಪ ಈ ಮೂರೂ ಇದರಲ್ಲಿ ಸೇರಿಕೊಂಡಿವೆ. ಆದುದರಿಂದ ಪಾರಂಪರಿಕ ನಡಿಗೆಯನ್ನು ಬಿಡುವಿನ ವೇಳೆಯ ಹವ್ಯಾಸವೆಂದು ಮಾತ್ರ ಭಾವಿಸುವುದು ಸರಿಯಲ್ಲ.

ಇಂತಹ ಕಟ್ಟಡಗಳು ಏಕೆ ಕುಸಿಯುತ್ತವೆ ಎಂಬುದನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಸೂಕ್ತ. ಹಳೆಯ ಕಟ್ಟಡಗಳ ಗೋಡೆಗಳನ್ನು ಇಟ್ಟಿಗೆ ಮತ್ತು ಸುಣ್ಣದ ಗಾರೆಯಿಂದ ಕಟ್ಟಿ, ಛಾವಣಿಗೆ ಮರದ ತೊಲೆಗಳ ಮೇಲೆ ಚಿಕ್ಕ ಇಟ್ಟಿಗೆಗಳನ್ನು ಜೋಡಿಸಿ ಸುಣ್ಣದ ಗಾರೆ ಹಾಕುವ ಪದ್ಧತಿಯಿತ್ತು. ಇದನ್ನು ಮದರಾಸು ತಾರಸಿ ಎನ್ನುತ್ತಾರೆ. ಸುಣ್ಣದ ಗೋಡೆಯು ಮಳೆಯಲ್ಲಿ ತೇವ ಹೀರಿ ಬಿಸಿಲಿನಲ್ಲಿ ಅದನ್ನು ಬಿಟ್ಟುಕೊಡುತ್ತದೆ. ಅದರ ಮೇಲೆ ಸಿಮೆಂಟ್ ಗಾರೆ ಬಳಿದಾಗ ತೇವ ಹೊರಬರಲು ದಾರಿಯಿಲ್ಲದೆ ಒಳಗಿನ ಗಾರೆ ಪುಡಿಯಾಗುತ್ತದೆ. ಮಳೆನೀರಿನ ಕೊಳವೆ ಕಟ್ಟಿಕೊಂಡರೆ ನೀರು ತೊಲೆಯ ತುದಿಗೆ ಇಳಿದು, ಗೋಡೆಯೊಳಗೆ ಹುದುಗಿರುವ ಆ ತುದಿಯೇ ಮೊದಲು ಕೊಳೆಯುತ್ತದೆ. ಅರಳಿ ಗಿಡದ ಬೇರು ಬಿರುಕನ್ನು ಅಗಲ ಮಾಡುತ್ತದೆ. ಮೇಲೆ ನೀರಿನ ತೊಟ್ಟಿ, ಒಳಗೆ ಅಟ್ಟ, ನಡುವೆ ಕಂಬ ತೆಗೆದು ಮಾಡಿದ ಬಾಗಿಲು ಇವೆಲ್ಲ ಮೂಲ ವಿನ್ಯಾಸದಲ್ಲಿ ಇಲ್ಲದ ಭಾರಗಳು. ನಡಿಗೆಯಲ್ಲಿ ಭಾಗವಹಿಸುವವರು ಕಮಾನು ಮತ್ತು ಗೋಪುರಗಳ ಜೊತೆಗೆ ಈ ಕೊಳವೆ, ಬಿರುಕು, ಗಿಡಗಳನ್ನೂ ನೋಡುವಂತೆ ಕೋರಲಾಗಿದೆ. ಲೆಕ್ಕಪುಸ್ತಕದಲ್ಲಿ ಕಟ್ಟಡದ ಮೌಲ್ಯವು ವರ್ಷ ವರ್ಷವೂ ಸವಕಳಿಯಾಗಿ ಕೊನೆಗೆ ಶೂನ್ಯಕ್ಕೆ ಬರುತ್ತದೆ. ವಾಣಿಜ್ಯಶಾಸ್ತ್ರ ಓದಿದವರಿಗೆ ಇದು ತಿಳಿದ ವಿಷಯ. ಆದರೆ ಪ್ರತಿ ಮುಂಗಾರಿಗೆ ಮೊದಲು ಕೊಳವೆ ಶುಚಿ ಮಾಡಿಸುವ ಅಲ್ಪ ವೆಚ್ಚವನ್ನು ನೂರು ವರ್ಷ ತಪ್ಪಿಸಿದರೆ ಆಗುವ ನಷ್ಟವನ್ನು ತೋರಿಸುವ ಅಂಕಣ ಆ ಪುಸ್ತಕದಲ್ಲಿ ಇರುವುದಿಲ್ಲ.

ನಗರದ ವಿನ್ಯಾಸದ ಬಗ್ಗೆಯೂ ಒಂದು ಮಾತು. 19ನೇ ಶತಮಾನದ ಕೊನೆಯಲ್ಲಿ ಪ್ಲೇಗು ಹರಡಿದ ನಂತರ, ಇಕ್ಕಟ್ಟಾದ ಕೇರಿಗಳನ್ನು ತೆರವುಗೊಳಿಸಿ ಗಾಳಿ ಬೆಳಕು ಇರುವ ಬಡಾವಣೆಗಳನ್ನು ರಚಿಸುವ ಕೆಲಸ ಮೈಸೂರಿನಲ್ಲಿ ನಡೆಯಿತು. ಇದಕ್ಕಾಗಿ 1903ರ ಕಾಯಿದೆಯ ಮೂಲಕ ನಗರ ಸುಧಾರಣಾ ಮಂಡಳಿಯು ರಚನೆಯಾಯಿತು. ಅಗಲ ರಸ್ತೆ, ವೃತ್ತ ಮತ್ತು ಉದ್ಯಾನಗಳ ಹಿಂದೆ ಸೌಂದರ್ಯದಷ್ಟೇ ಆರೋಗ್ಯದ ಚಿಂತೆಯೂ ಇತ್ತು.

ಬದನಗುಪ್ಪೆಯವರಿಗೆ ನಡಿಗೆಯು ಮನೆಯ ಬಾಗಿಲಿನಿಂದಲೇ ಆರಂಭವಾಗುತ್ತದೆ. ಗ್ರಾಮದಲ್ಲಿ ರೈಲು ನಿಲ್ದಾಣವಿದೆ. ಚಾಮರಾಜನಗರದಿಂದ ಮೈಸೂರಿಗೆ ಹೋಗುವ ಮಾರ್ಗವಿದು. ನಂಜನಗೂಡಿನ ಬಳಿ ಕಬಿನಿ ನದಿಗೆ ದಳವಾಯಿಗಳ ಕಾಲದಲ್ಲಿ, 18ನೇ ಶತಮಾನದಲ್ಲಿ, ಕಟ್ಟಿದ ಹಳೆಯ ಸೇತುವೆಯಿದೆ. ಹಿಂದೆ ರಸ್ತೆ ಮತ್ತು ರೈಲು ಎರಡನ್ನೂ ಹೊತ್ತಿದ್ದ ಸೇತುವೆಯದು.

ವಿರುದ್ಧ ದಿಕ್ಕಿನಲ್ಲಿ ಹೋದರೆ ಚಾಮರಾಜನಗರ. ಹಿಂದೆ ಅರಿಕುಠಾರ ಎಂದು ಕರೆಯಲಾಗುತ್ತಿದ್ದ ಈ ಊರಿಗೆ, ಇಲ್ಲಿಯೇ ಜನಿಸಿದ ತಮ್ಮ ತಂದೆ ಚಾಮರಾಜ ಒಡೆಯರ ಹೆಸರನ್ನು ಮುಮ್ಮಡಿ ಕೃಷ್ಣರಾಜ ಒಡೆಯರು ಇರಿಸಿದರು. ಚಾಮರಾಜೇಶ್ವರ ದೇವಾಲಯವನ್ನು 1826ರಲ್ಲಿ ಕಟ್ಟಿಸಿದವರೂ ಅವರೇ. ಜನನ ಮಂಟಪವೂ ಇದೇ ಊರಿನಲ್ಲಿದೆ. ಆಷಾಢದ ರಥೋತ್ಸವಕ್ಕೆ ನವದಂಪತಿಗಳು ಬಂದು ಹಣ್ಣು ಜವನ ಎಸೆಯುವುದು ಪ್ರಸಿದ್ಧ. 2017ರಲ್ಲಿ ರಥಕ್ಕೆ ಬೆಂಕಿ ಬಿದ್ದು ಹಾನಿಯಾದುದರಿಂದ ರಥೋತ್ಸವ ನಿಂತು, ಹೊಸ ರಥ ಸಿದ್ಧವಾದ ಮೇಲೆ 2022ರಲ್ಲಿ ಮತ್ತೆ ನಡೆಯಿತು. ಶಾಲೆಗಳು ಮೈಸೂರಿಗೆ ಮಕ್ಕಳನ್ನು ಕರೆದೊಯ್ಯುವ ಮುನ್ನ ಈ ದೇವಾಲಯ ಮತ್ತು ಮಂಟಪಗಳಿಗೆ ಅರ್ಧ ದಿನದ ನಡಿಗೆ ಏರ್ಪಡಿಸುವುದು ಉತ್ತಮ. ಇದಕ್ಕೆ ಖರ್ಚೂ ಕಡಿಮೆ.

ಸಂಸ್ಥೆಗಳು ಗುಂಪಾಗಿ ಭಾಗವಹಿಸಲು ಕೋರುವಾಗ ನಿಗದಿತ ನಮೂನೆ ಇಲ್ಲದಿದ್ದಲ್ಲಿ ಬಿಳಿ ಹಾಳೆಯ ಮೇಲೆ ಮನವಿ ಬರೆಯಬಹುದು. ಅದರಲ್ಲಿ ಸಂಸ್ಥೆಯ ಹೆಸರು, ವಿಳಾಸ, ಭಾಗವಹಿಸುವವರ ಸಂಖ್ಯೆ, ವಯೋಮಾನ, ಕೋರುವ ದಿನಾಂಕ ಮತ್ತು ಬದಲಿ ದಿನಾಂಕ, ವಿವರಣೆ ಬೇಕಾದ ಭಾಷೆ, ಜವಾಬ್ದಾರಿ ಹೊತ್ತ ಶಿಕ್ಷಕರ ಅಥವಾ ಮುಖ್ಯಸ್ಥರ ಹೆಸರು ಇರತಕ್ಕದ್ದು. ನಡೆಯಲು ಕಷ್ಟವಿರುವವರು ಗುಂಪಿನಲ್ಲಿದ್ದರೆ ಮೊದಲೇ ತಿಳಿಸುವುದು ಒಳ್ಳೆಯದು. ದಸರಾ ದಿನಗಳಲ್ಲಿ ಜನಸಂದಣಿ ಹೆಚ್ಚಿರುವುದರಿಂದ ಆ ದಿನಾಂಕಗಳನ್ನೇ ಕೋರುವವರು ಮುಂಚಿತವಾಗಿ ಮನವಿ ಸಲ್ಲಿಸುವುದು ಸೂಕ್ತ.

ನಡಿಗೆಯ ದಿನ ಕುಡಿಯುವ ನೀರು ಮತ್ತು ಅನುಕೂಲಕರ ಪಾದರಕ್ಷೆ ಇರಲಿ. ಮಾರುಕಟ್ಟೆಯಲ್ಲಿ ಛಾಯಾಚಿತ್ರ ತೆಗೆಯುವ ಮುನ್ನ ವ್ಯಾಪಾರಿಗಳ ಒಪ್ಪಿಗೆ ಕೇಳತಕ್ಕದ್ದು. ಬೆಳಗಿನ ಹೊತ್ತು ಅವರಿಗೆ ವ್ಯಾಪಾರದ ಸಮಯ. ಶಿಥಿಲ ಭಾಗಗಳ ಸುತ್ತ ಹಾಕಿರುವ ತಡೆಬೇಲಿಯನ್ನು ದಾಟಬಾರದು.

ತಮ್ಮ ಊರಿನಲ್ಲಿ ಹಳೆಯ ಮಂಟಪ, ಶಾಸನ ಅಥವಾ ಕಲ್ಯಾಣಿ ಹಾಳಾಗುತ್ತಿರುವುದನ್ನು ಕಂಡವರು ಛಾಯಾಚಿತ್ರ, ಗ್ರಾಮದ ಹೆಸರು ಮತ್ತು ತಿಳಿದಿದ್ದಲ್ಲಿ ಸರ್ವೆ ನಂಬರಿನೊಡನೆ ಗ್ರಾಮ ಪಂಚಾಯಿತಿಗೂ ತಹಸೀಲ್ದಾರರ ಕಚೇರಿಗೂ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆದುಕೊಳ್ಳುವುದು. ಕೇಂದ್ರ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರಿನೊಳಗೆ ಹೊಸ ನಿರ್ಮಾಣವನ್ನು ನಿಷೇಧಿಸಲಾಗಿದೆ. ಅದರಾಚೆಯ 200 ಮೀಟರಿನಲ್ಲಿ ಪೂರ್ವಾನುಮತಿ ಅಗತ್ಯ. ಮನೆ ಕಟ್ಟುವವರು ನಿವೇಶನ ಕೊಳ್ಳುವ ಮೊದಲೇ ಇದನ್ನು ವಿಚಾರಿಸಿಕೊಳ್ಳತಕ್ಕದ್ದು.