ಕಾರಿನ ಬೆನ್ನ ಮೇಲಿನ ರೆಕ್ಕೆ

ಜರ್ಮನಿಯ ಪೋರ್ಷೆ ಸಂಸ್ಥೆಯು 1963ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಲೋಕಕ್ಕೆ ತೋರಿದ 911 ಎಂಬ ಕಾರಿಗೆ ಎಂಜಿನ್ ಇರುವುದು ಹಿಂಭಾಗದಲ್ಲಿ. ಇಳಿಜಾರಾದ ಅದರ ಬೆನ್ನು ಕಣ್ಣಿಗೆ ಸೊಗಸೇ ಸರಿ. ಆದರೆ ವೇಗ ಏರಿದಂತೆ ಅದರ ಮೇಲೆ ಹರಿಯುವ ಗಾಳಿಯು ಹಿಂಭಾಗವನ್ನು ಮೇಲಕ್ಕೆ ಸೆಳೆಯುತ್ತದೆ. ವೇಗ ಇಮ್ಮಡಿಸಿದರೆ ಸೆಳೆತ ನಾಲ್ಮಡಿಸುತ್ತದೆ. ಹಿಂದಿನ ಚಕ್ರಗಳ ಹಿಡಿತ ಸಡಿಲಿದಾಗ ತಿರುವಿನಲ್ಲಿ ಒದಗುವ ಅನಾಹುತವನ್ನು ನಾವು ವಿವರಿಸಬೇಕಾಗಿಲ್ಲ. ಈ ಸೆಳೆತವನ್ನು ಕೆಡಿಸಲೆಂದೇ 1972ರಲ್ಲಿ ಕರೆರಾ ಆರ್‌ಎಸ್ ಮಾದರಿಗೆ ಬಾತುಕೋಳಿಯ ಬಾಲದಂತಹ ಅಂಚನ್ನು ಕೂಡಿಸಿದರು. ಸ್ಪಾಯ್ಲರ್ ಎಂಬ ಹೆಸರಿಗೂ ಕೆಡಿಸುವುದೆಂದೇ ಅರ್ಥ.

2000ದ ಸುಮಾರಿಗೆ ಬಂದ, ಬಲ್ಲವರು 996 ಎಂದು ಕರೆಯುವ ಪೀಳಿಗೆಯ 911 ಟರ್ಬೊದಲ್ಲಿ ಈ ರೆಕ್ಕೆ ಚಲಿಸುವಂಥದು. ವೇಗವು ಗಂಟೆಗೆ ಸುಮಾರು 120 ಕಿ.ಮೀ. ಮುಟ್ಟಿದೊಡನೆ ತಾನಾಗಿ ಏಳುತ್ತದೆ. 60ರ ಆಸುಪಾಸಿಗೆ ಇಳಿದಾಗ ಮರಳಿ ಕೂರುತ್ತದೆ. ವಿದ್ಯುತ್ ಪಂಪೊಂದು ಎಣ್ಣೆಯನ್ನು ಎಡಬಲದ ಎರಡು ಸಿಲಿಂಡರುಗಳಿಗೆ ನೂಕಿ ಅದನ್ನು ಎತ್ತುತ್ತದೆ. ಮುಚ್ಚಿದ ದ್ರವದಲ್ಲಿ ಒತ್ತಡವು ಎಲ್ಲೆಡೆಗೂ ಸಮನಾಗಿ ಹಬ್ಬುವುದೆಂಬ ಪಾಸ್ಕಲನ ತತ್ತ್ವವೇ ಇಲ್ಲಿಯ ಮೂಲ. ನಮ್ಮ ಹೊಲಗಳಲ್ಲಿ ಟ್ರ್ಯಾಕ್ಟರು ನೇಗಿಲನ್ನೆತ್ತುವುದೂ ಇದರಿಂದಲೇ.

ಆ ಕಾರುಗಳಿಗೆ ಈಗ ಇಪ್ಪತ್ತು ವರ್ಷ ಮೀರಿದೆ. ಎಂಜಿನ್ನಿನ ಶಾಖದ ನೆರೆಯಲ್ಲಿ ಸಿಲಿಂಡರಿನ ಸೀಲುಗಳು ಗಡುಸಾಗಿ ಎಣ್ಣೆ ಒಸರತೊಡಗುತ್ತದೆ. ಆಗ ರೆಕ್ಕೆಯು ಎದ್ದು ಮೆಲ್ಲಗೆ ಕುಸಿಯಬಹುದು, ಒಂದು ಬದಿಗೆ ವಾಲಬಹುದು, ಇಲ್ಲವೇ ಏಳದೆಯೇ ಇರಬಹುದು. ಚಾಲಕನ ಮುಂದೆ ಎಚ್ಚರಿಕೆಯ ದೀಪ ಹೊತ್ತುತ್ತದೆ. ದೀಪ ಕಂಡ ಮೇಲೆ ವೇಗವನ್ನು ತಗ್ಗಿಸಿಯೇ ಮನೆ ಸೇರತಕ್ಕದ್ದು.

ದುರಸ್ತಿಯಲ್ಲಿ ಮೊದಲ ಕೆಲಸ ಕಿವಿಯದು. ಕಾರು ನಿಂತಿರುವಾಗ ಒಳಗಿನ ಗುಂಡಿಯನ್ನೊತ್ತಿದರೆ ಪಂಪಿನ ಸದ್ದು ಕೇಳಬೇಕು. ಸದ್ದೇ ಇಲ್ಲವೆಂದರೆ ಫ್ಯೂಸು, ತಂತಿ, ಮೋಟಾರುಗಳನ್ನು ನೋಡಬೇಕು. ಸದ್ದಿದ್ದೂ ರೆಕ್ಕೆ ಏಳದಿದ್ದರೆ ಎಣ್ಣೆ ಸೋರಿದೆ ಅಥವಾ ಒಳಗೆ ಗಾಳಿ ಸೇರಿದೆ ಎಂದು ತಿಳಿಯಬೇಕು. ಎತ್ತಿದ ರೆಕ್ಕೆಗೆ ಮರದ ಆಸರೆ ಕೊಡದೆ ಅದರಡಿ ಕೈಯಿಡಬಾರದು. ಅವಸರದವರು ಮರೆಯುವ ಮಾತಿದು. ಸಿಲಿಂಡರನ್ನು ಬಿಚ್ಚಿದಾಗ ದಂಡವನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಬೇಕು. ಉಗುರಿಗೆ ತಗಲುವಷ್ಟು ಗೀರಿದ್ದರೂ ಅದು ಹೊಸ ಸೀಲನ್ನು ಕೊಯ್ಯುತ್ತದೆಯಾದ್ದರಿಂದ ಅಂತಹ ಸಿಲಿಂಡರನ್ನೇ ಬದಲಿಸುವುದು ಲೇಸು. ದಂಡ ನುಣುಪಾಗಿದ್ದರೆ ಸೀಲು ಬದಲಿಸಿದರೆ ಸಾಕು. ಒಂದು ಬದಿ ಸೋರಿದಾಗ ಇನ್ನೊಂದನ್ನೂ ಅಂದೇ ಮಾಡಿಸಬೇಕು. ಎರಡಕ್ಕೂ ವಯಸ್ಸು ಒಂದೇ. ತಯಾರಕರು ಹೇಳಿದ ಎಣ್ಣೆಯನ್ನೇ ತುಂಬಿ, ರೆಕ್ಕೆಯನ್ನು ಹಲವು ಸಲ ಏರಿಸಿಳಿಸಿ ಗಾಳಿಯನ್ನು ಹೊರಡಿಸಬೇಕು. ಎಣ್ಣೆ ಕುಗ್ಗದು, ಗಾಳಿ ಕುಗ್ಗುತ್ತದೆ. ಉಳಿದ ಗುಳ್ಳೆಯೊಂದೇ ರೆಕ್ಕೆಯನ್ನು ಮೆತ್ತಗಾಗಿಸೀತು.

ಹೊಸ ಭಾಗಗಳ ಬೆಲೆಗೆ ಅಂಜಿ ದೀಪದ ತಂತಿಯನ್ನೇ ಕತ್ತರಿಸಿ ಕಾರನ್ನು ಮಾರುವವರೂ ಉಂಟು. ಕೊಂಡವನು ಹೆದ್ದಾರಿಯಲ್ಲಿ ಅದರ ಫಲವನ್ನು ಉಣ್ಣಬೇಕಾದೀತು. ನಮ್ಮ ದೃಷ್ಟಿಯಲ್ಲಿ ಇದು ಜಿಪುಣತನವಲ್ಲ, ಅಪರಾಧ. ವೆಚ್ಚ ಬೇಡವೆನ್ನುವವರು ಅದೇ ಪೀಳಿಗೆಯ ಜಿಟಿ2 ಮಾದರಿಗಿದ್ದಂತಹ ಅಲುಗದ ರೆಕ್ಕೆಯನ್ನು ತಕ್ಕ ತಜ್ಞರಿಂದ ಕೂಡಿಸಿಕೊಳ್ಳಬಹುದು.

ದುರಸ್ತಿಯಾದ ರಾತ್ರಿ ರೆಕ್ಕೆಯನ್ನು ಎತ್ತಿಯೇ ಬಿಟ್ಟು, ಬೆಳಗ್ಗೆ ಅದರ ಎತ್ತರವನ್ನು ಅಳೆದು, ದಂಡಗಳನ್ನು ಬಿಳಿಯ ಬಟ್ಟೆಯಿಂದ ಒರೆಸಿ ನೋಡಬೇಕು. ಬಟ್ಟೆ ಒಣಗಿಯೇ ಇದ್ದು ಎತ್ತರವೂ ಕುಗ್ಗದಿದ್ದರೆ ಕಾರನ್ನು ರಸ್ತೆಗೆ ಬಿಡಬಹುದು.